ಹಗಲು ಬಂದು ಹಗಲೇ ಹೋಗುವ ಅತಿಥಿಗಳು

(ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಪ್ರವಾಸೋದ್ಯಮ ಕುರಿತ ಉಪನ್ಯಾಸದ ಪಠ್ಯ)

ಶ್ರೀರಂಗಪಟ್ಟಣವನ್ನು ನೋಡದವರು ಈ ಸಭೆಯಲ್ಲಿ ಬಹುಶಃ ಯಾರೂ ಇರಲಿಕ್ಕಿಲ್ಲ. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸತರಲ್ಲೋ, ಊರಿಂದ ಬಂದ ನೆಂಟರನ್ನು ಕರೆದುಕೊಂಡೋ ಎಲ್ಲರೂ ಒಮ್ಮೆಯಾದರೂ ಹೋಗಿಬಂದಿರುತ್ತಾರೆ. ಆದರೆ ಅಲ್ಲಿ ಒಂದು ರಾತ್ರಿ ತಂಗಿದವರು ಎಷ್ಟು ಮಂದಿ ಎಂದು ಕೇಳಿದರೆ ಮೇಲೇಳುವ ಕೈಗಳು ತೀರಾ ಕಡಿಮೆ. ಮೇಲುಕೋಟೆಗೆ ಹೋದವರು ಚೆಲುವನಾರಾಯಣನ ದರ್ಶನ ಮಾಡಿ, ಪುಳಿಯೋಗರೆ ತಿಂದು, ಸಂಜೆಗೆ ಬೆಟ್ಟ ಇಳಿದುಬಿಡುತ್ತಾರೆ. ಕನ್ನಂಬಾಡಿಯ ಬೃಂದಾವನದಲ್ಲಿ ಕಾರಂಜಿಯ ದೀಪ ಆರುವ ಹೊತ್ತಿಗೆ ಬಸ್ಸುಗಳು ಮೈಸೂರಿನ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ಕೃಷ್ಣರಾಜಪೇಟೆಯ ಹೊಸಹೊಳಲಿಗೂ ನಾಗಮಂಗಲದ ಸೌಮ್ಯಕೇಶವನ ಸನ್ನಿಧಿಗೂ ಬರುವವರದು ಇನ್ನೂ ಅವಸರ; ಬೇಲೂರಿಗೋ ಶ್ರವಣಬೆಳಗೊಳಕ್ಕೋ ಹೋಗುವ ದಾರಿಯಲ್ಲಿ ಅರ್ಧ ಗಂಟೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕರ್ನಾಟಕದಲ್ಲಿ ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಬಗೆಯ ನೋಡುವ ವಸ್ತುಗಳಿರುವ ಜಾಗ ಅಪರೂಪವೆಂದೇ ಹೇಳಬೇಕು. ಗಂಗರ ಬಸದಿ, ಹೊಯ್ಸಳರ ಗುಡಿಗಳು, ರಾಮಾನುಜಾಚಾರ್ಯರ ಮೇಲುಕೋಟೆ, ಒಡೆಯರ ಮತ್ತು ಹೈದರ್-ಟಿಪ್ಪುವಿನ ರಾಜಧಾನಿ, ಇಪ್ಪತ್ತನೆಯ ಶತಮಾನದ ಅಣೆಕಟ್ಟು, ಹಕ್ಕಿಧಾಮ, ನವಿಲುಧಾಮ, ಹೇಮಾವತಿ, ಕಾವೇರಿ. ಜನ ಬರುವುದಕ್ಕೆ ಕೊರತೆಯೇನೂ ಇಲ್ಲ. ಬಂದವರು ಬಿಟ್ಟುಹೋಗುವ ಹಣ ಎಲ್ಲಿಗೆ ಸೇರುತ್ತದೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸಿದಂತಿಲ್ಲ.

ಬೆಂಗಳೂರಿನಿಂದ ಭಾನುವಾರ ಕಾರಿನಲ್ಲಿ ಹೊರಡುವ ನಾಲ್ಕು ಜನರ ಸಂಸಾರವೊಂದರ ಖರ್ಚನ್ನೇ ಲೆಕ್ಕ ಹಾಕಿ. ಪೆಟ್ರೋಲು ಬೆಂಗಳೂರಿನಲ್ಲಿ. ಸುಂಕ ಹೆದ್ದಾರಿಯವರಿಗೆ. ತಿಂಡಿ ಹೆದ್ದಾರಿಯ ಪಕ್ಕದ ದೊಡ್ಡ ಹೋಟೆಲಿನಲ್ಲಿ. ದರಿಯಾ ದೌಲತ್ತಿನ ಟಿಕೆಟ್ಟಿನ ಹಣ ಕೇಂದ್ರದ ಪುರಾತತ್ವ ಇಲಾಖೆಗೆ. ಮಧ್ಯಾಹ್ನದ ಊಟ, ಸೀರೆ ಅಂಗಡಿ, ರಾತ್ರಿ ಉಳಿದರೆ ಲಾಡ್ಜು, ಎಲ್ಲವೂ ಮೈಸೂರಿನಲ್ಲಿ. ಶ್ರೀರಂಗಪಟ್ಟಣಕ್ಕೆ ದಕ್ಕಿದ್ದು ನಾಲ್ಕು ಎಳನೀರು, ರಂಗನಾಥನ ಅರ್ಚನೆಯ ತಟ್ಟೆ, ಚಪ್ಪಲಿ ಕಾಯುವವನ ಚಿಲ್ಲರೆ, ಗಾಡಿ ನಿಲ್ಲಿಸಿದ ಶುಲ್ಕ. ಮಗು ಹಟ ಹಿಡಿದರೆ ಜಟಕಾ ಗಾಡಿಯ ಒಂದು ಸುತ್ತು.

ಪ್ರವಾಸದಿಂದಲೇ ಬದುಕುವ ದೇಶಗಳು ಈ ಲೆಕ್ಕವನ್ನು ಬಹಳ ಹಿಂದೆಯೇ ಕಲಿತವು. ಸ್ಪೇನಾಗಲಿ ಥಾಯ್ಲೆಂಡಾಗಲಿ ಎಷ್ಟು ಜನ ಬಂದರು ಎನ್ನುವುದರ ಜೊತೆಗೇ ಎಷ್ಟು ರಾತ್ರಿ ತಂಗಿದರು ಎಂದೂ ಎಣಿಸುತ್ತವೆ. ರಾತ್ರಿ ತಂಗಿದವನು ಎರಡು ಊಟ ಮಾಡುತ್ತಾನೆ, ಬಟ್ಟೆ ಒಗೆಸುತ್ತಾನೆ, ಬೆಳಿಗ್ಗೆ ಎದ್ದು ಪೇಟೆ ಸುತ್ತುತ್ತಾನೆ, ಅಂಗಡಿಯವನ ಜೊತೆ ಮಾತಿಗೆ ಕೂರುತ್ತಾನೆ. ಹಗಲಿನ ಅತಿಥಿಗೆ ಗಡಿಯಾರವೇ ಯಜಮಾನ. ನಮ್ಮ ಇಲಾಖೆಗಳ ವಾರ್ಷಿಕ ವರದಿಗಳಲ್ಲಿ ಕಾಣುವುದು ಬಂದವರ ತಲೆಯೆಣಿಕೆ. ಲಕ್ಷಗಟ್ಟಲೆ ಎಂದು ಹೇಳಿಕೊಳ್ಳಲು ಅದು ಚೆನ್ನಾಗಿರುತ್ತದೆ.

ಶ್ರೀರಂಗಪಟ್ಟಣ ನೋಡುವ ವಸ್ತುವಾದದ್ದು ಇತ್ತೀಚೆಗೇನಲ್ಲ. ಭಾರತದಲ್ಲಿ ಹೊರಗಿನವರ ಕುತೂಹಲಕ್ಕೆ ತೀರಾ ಮೊದಲು ಗುರಿಯಾದ ಊರುಗಳಲ್ಲಿ ಅದೂ ಒಂದು. 1610ರಲ್ಲಿ ರಾಜ ಒಡೆಯರ ಕೈಗೆ ಬಂದು, ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ದಕ್ಷಿಣದ ದೊಡ್ಡ ನಗರಗಳಲ್ಲೊಂದಾಗಿ ಬೆಳೆದ ಈ ದ್ವೀಪ 1799ರ ಮೇ 4ರಂದು ಇಂಗ್ಲಿಷರ ವಶವಾಯಿತು. ಮರುವರ್ಷವೇ, 1800ರಲ್ಲಿ, ರಾಬರ್ಟ್ ಕರ್ ಪೋರ್ಟರ್ ಎಂಬ ಕಲಾವಿದ ಕೋಟೆಗೆ ಲಗ್ಗೆಯಿಟ್ಟ ದೃಶ್ಯವನ್ನು ಸುಮಾರು 120 ಅಡಿ ಉದ್ದದ ಚಿತ್ರವಾಗಿ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಜನ ಮುಗಿಬಿದ್ದು ನೋಡಿದರು. ಅರಮನೆಯಲ್ಲಿ ಸಿಕ್ಕಿದ, ಸಿಪಾಯಿಯ ಮೇಲೆ ಹುಲಿ ಎರಗಿರುವ ಮರದ ವಾದ್ಯ 1808ರ ಹೊತ್ತಿಗೆ ಕಂಪನಿಯ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕೆ ಬಂತು. ಅದರ ಕೈಹಿಡಿ ತಿರುಗಿಸಿ ಗರ್ಜನೆ ಕೇಳಿಸುವವರ ಕಾಟಕ್ಕೆ ಅಲ್ಲಿನ ಗ್ರಂಥಾಲಯದಲ್ಲಿ ಓದಲು ಕುಳಿತವರು ಬೇಸತ್ತರೆಂದು ಆ ಕಾಲದವರು ಬರೆದಿದ್ದಾರೆ. ಇಂದು ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಶ್ರೀರಂಗಪಟ್ಟಣದ ಹೆಸರಿನಲ್ಲಿ ನಡೆದ ಮೊದಮೊದಲ ಪ್ರದರ್ಶನಗಳ ಗಳಿಕೆ ಹೀಗೆ ಥೇಮ್ಸ್ ನದಿಯ ದಡದಲ್ಲೇ ಉಳಿಯಿತು.

ಊರಿನ ಗತಿ ಬೇರೆಯಾಗಿತ್ತು. ರಾಜಧಾನಿ ಮೈಸೂರಿಗೆ ಹೋಯಿತು. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ಆಮೇಲೆ ಚಳಿಜ್ವರದ ಹಾವಳಿಯಿಂದ ಇಂಗ್ಲಿಷರ ದಂಡೂ ಬೆಂಗಳೂರಿಗೆ ಎದ್ದುಹೋಯಿತು. ನೇಕಾರ, ಕಮ್ಮಾರ, ವರ್ತಕರೆಲ್ಲ ಅರಮನೆಯನ್ನೂ ದಂಡನ್ನೂ ನೆಚ್ಚಿದವರು. ಅವೆರಡೂ ಹೋದ ಮೇಲೆ ಅವರಿಗೆ ಉಳಿದದ್ದೇನು? 1784ರಲ್ಲಿ ಕಟ್ಟಿದ ದರಿಯಾ ದೌಲತ್ ಉಳಿದುಕೊಂಡದ್ದಕ್ಕೆ ಕಾರಣವೂ ವಿಚಿತ್ರ. ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದವನು, ಅಲ್ಲಿ ಕೆಲಕಾಲ ವಾಸವಾಗಿದ್ದನೆಂಬ ಅಭಿಮಾನದಿಂದ ಗವರ್ನರ್ ಜನರಲ್ ಡಾಲ್‌ಹೌಸಿ 1850ರ ದಶಕದಲ್ಲಿ ಅದನ್ನು ದುರಸ್ತಿ ಮಾಡಿಸಿದ. ಪೊಳ್ಳಿಲೂರಿನಲ್ಲಿ 1780ರಲ್ಲಿ ಇಂಗ್ಲಿಷರು ಸೋತ ಯುದ್ಧದ ಗೋಡೆಚಿತ್ರ ಇಂಗ್ಲಿಷರ ಖರ್ಚಿನಲ್ಲೇ ಮತ್ತೆ ಬಣ್ಣ ಕಂಡಿತು.

ಈಗ ಕೋಟೆಯೊಳಗೆ ಇರುವುದು ಸ್ಮಾರಕಗಳು ಮಾತ್ರವಲ್ಲ, ಸಂಸಾರಗಳೂ ಇವೆ. ಇದನ್ನು ಪ್ರವಾಸಿಗಳು ಗಮನಿಸುವುದು ಕಡಿಮೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಹೆಜ್ಜೆಗೊಂದು ಸ್ಮಾರಕವಿರುವ ಊರಿನಲ್ಲಿ ಇದರ ಅರ್ಥ, ತಾತನ ಕಾಲದ ಹೆಂಚಿನ ಮನೆಗೆ ಮಗನ ಮದುವೆಗೆಂದು ಒಂದು ಕೋಣೆ ಸೇರಿಸುವುದೂ ಕಚೇರಿಯಿಂದ ಕಚೇರಿಗೆ ಅಲೆಯುವ ಕೆಲಸ. ಕಾಯಿದೆ ಬೇಕೇಬೇಕು, ಅದಿಲ್ಲದಿದ್ದರೆ ಕೋಟೆಯ ಕಲ್ಲುಗಳು ಎಂದೋ ಯಾರದೋ ತಳಪಾಯ ಸೇರುತ್ತಿದ್ದವು. ಆದರೆ ಪರಂಪರೆಯನ್ನು ಉಳಿಸುವ ವೆಚ್ಚದ ಒಂದು ಪಾಲನ್ನು ಈ ಮನೆಗಳವರು ಮೌನವಾಗಿ ತೆರುತ್ತಿದ್ದಾರೆ, ಅದರ ಗಳಿಕೆಯಲ್ಲಿ ಅವರಿಗೆ ಪಾಲಿಲ್ಲ ಎಂಬುದೂ ಅಷ್ಟೇ ನಿಜ. ದ್ವೀಪಪಟ್ಟಣದ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಪಟ್ಟಿಯಲ್ಲಿ ಮೇಲೇರಿದರೆ ನಿರ್ಬಂಧಗಳೂ ಬಿಗಿಯಾಗುತ್ತವೆ. ಆಗ ಈ ಮನೆಗಳವರಿಗೇನು ಎಂಬ ಪ್ರಶ್ನೆಗೆ ಉತ್ತರ ಈಗಲೇ ಹುಡುಕಿಡುವುದು ಒಳ್ಳೆಯದು.

ಮನಸ್ಸು ಮಾಡಿದರೆ ಸರ್ಕಾರಕ್ಕೆ ಆಗದ್ದೇನಿಲ್ಲ ಎಂಬುದಕ್ಕೂ ಇಲ್ಲೇ ನಿದರ್ಶನವಿದೆ. ಬೆಂಗಳೂರು-ಮೈಸೂರು ರೈಲು ಹಳಿಯನ್ನು ಜೋಡಿ ಮಾಡುವಾಗ ಟಿಪ್ಪು ಕಾಲದ ಮದ್ದಿನಮನೆಯೊಂದು ಅಡ್ಡ ಬಂತು. ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ, 2017ರಲ್ಲಿ ಸುಮಾರು 130 ಮೀಟರ್ ಆಚೆಗೆ ಜರುಗಿಸಿ ಇಟ್ಟರು. ರೈಲೂ ಓಡಿತು, ಮದ್ದಿನಮನೆಯೂ ಉಳಿಯಿತು.

ರಸ್ತೆಯ ಕಥೆ ಬೇರೆ. 2023ರ ಮಾರ್ಚಿ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಮೂರು ಗಂಟೆಯ ಪ್ರಯಾಣವನ್ನು ಒಂದೂವರೆ ಗಂಟೆಗೆ ಇಳಿಸಿತು. ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಊರೂರಿಗೂ ಹೊರದಾರಿ. ಚನ್ನಪಟ್ಟಣದ ಗೊಂಬೆ ಅಂಗಡಿಯವರೂ ಮದ್ದೂರು ವಡೆಯ ಹೋಟೆಲಿನವರೂ ವ್ಯಾಪಾರ ಬಿದ್ದುಹೋಯಿತೆಂದು ಅಂದೇ ದೂರಿದರು. ಶ್ರೀರಂಗಪಟ್ಟಣದ ಪಾಲಿಗೆ ಈ ವೇಗ ಇಬ್ಬದಿಯ ಕತ್ತಿ. ಬೆಂಗಳೂರಿನಿಂದ ಬರುವುದು ಸುಲಭವಾಯಿತು. ಬಂದವರು ರಾತ್ರಿಯೊಳಗೆ ಮನೆಗೆ ಮರಳುವುದು ಅದಕ್ಕಿಂತ ಸುಲಭವಾಯಿತು. ಹಿಂದೆ ಕತ್ತಲಾಯಿತೆಂದು ಉಳಿಯುತ್ತಿದ್ದ ಅಷ್ಟಿಷ್ಟು ಜನರೂ ಈಗ ಉಳಿಯಬೇಕಾಗಿಲ್ಲ. ಇನ್ನು ಮೈಸೂರಿಗೆಂದೇ ಹೊರಟವರು ರಂಗನಾಥನ ಗೋಪುರವನ್ನು ದೂರದಿಂದ ಕಂಡು ಕೈಮುಗಿದು ಮುಂದೆ ಹೋಗುತ್ತಾರೆ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ತಂಗುವುದೇ ಇಲ್ಲವೇ? ತಂಗುತ್ತಾರೆ. ಪ್ರವಾಸೋದ್ಯಮದ ಕೈಪಿಡಿಗಳಲ್ಲಿ ಅವರ ಚಿತ್ರವಿರುವುದಿಲ್ಲ, ಅಷ್ಟೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ದಿನವೂ ಅಸ್ಥಿ ವಿಸರ್ಜನೆಗೆ, ಪಿಂಡಪ್ರದಾನಕ್ಕೆ ಜನ ಬರುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದೂ ಇದೇ ನೀರಿನಲ್ಲಿ. ಪುರೋಹಿತರು, ಅಡುಗೆಯವರು, ಕ್ಷೌರಿಕರು, ಬಾಳೆಎಲೆ-ದರ್ಭೆ ಮಾರುವವರು, ಬಾಡಿಗೆಗೆ ಮನೆ ಕೊಡುವವರು, ಹೀಗೆ ಒಂದು ಸಾವಿನ ಸುತ್ತ ಹತ್ತು ಮನೆಗಳ ಒಲೆ ಉರಿಯುತ್ತದೆ. ಬರಗಾಲವಿರಲಿ, ಬೆಲೆ ಏರಲಿ, ಈ ಅತಿಥಿಗಳ ಸಂಖ್ಯೆ ಕುಗ್ಗುವುದಿಲ್ಲ. ಹೊಳೆಗೆ ಬೀಳುವ ಬಟ್ಟೆ, ಮಡಕೆ, ಪ್ಲಾಸ್ಟಿಕ್ಕಿನ ಹೊರೆ ಮಾತ್ರ ಏರುತ್ತಿದೆ. ಅದನ್ನು ಎತ್ತುವವರು ಯಾರು ಎಂಬುದು ಇನ್ನೂ ಇತ್ಯರ್ಥವಾಗದ ಜಗಳ.

ಮೇಲುಕೋಟೆಯ ವೈರಮುಡಿ ಇನ್ನೊಂದು ಬಗೆ. ಮಂಡ್ಯದ ಖಜಾನೆಯಿಂದ ಪೊಲೀಸರ ಕಾವಲಿನಲ್ಲಿ ಹೊರಡುವ ಕಿರೀಟ ದಾರಿಯ ಹಳ್ಳಿಗಳಲ್ಲೆಲ್ಲ ಪೂಜೆ ಪಡೆಯುತ್ತ ಬೆಟ್ಟ ಏರುತ್ತದೆ. ಉತ್ಸವ ನಡೆಯುವುದು ರಾತ್ರಿ. ಆದ್ದರಿಂದ ಅಂದು ಜನ ಉಳಿಯಲೇಬೇಕು. ಆ ಒಂದು ರಾತ್ರಿ ಮೇಲುಕೋಟೆಯ ಜಗಲಿ, ಛತ್ರ, ಕಲ್ಯಾಣಿಯ ಮೆಟ್ಟಿಲು ಎಲ್ಲವೂ ವಸತಿಗೃಹ. ಮರುದಿನ ಊರು ಮತ್ತೆ ತನ್ನ ಪಾಡಿಗೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಹೀಗಲ್ಲ. ಕಾಲಭೈರವೇಶ್ವರನ ಸನ್ನಿಧಿಗೆ ಅಮಾವಾಸ್ಯೆಯ ಜನಸಂದಣಿ ಇದ್ದೇ ಇದೆ. ಅದರ ಜೊತೆಗೆ ಬೆಟ್ಟದ ಕೆಳಗಿನ ಬಿ.ಜಿ. ನಗರದಲ್ಲಿ ಮಠದ ವೈದ್ಯಕೀಯ ಕಾಲೇಜು, ಆಸ್ಪತ್ರೆ, ವಿಶ್ವವಿದ್ಯಾಲಯ ಬೆಳೆದು, ಬಂದವರು ವರ್ಷಗಟ್ಟಲೆ ನಿಲ್ಲುವ ಊರೊಂದು ಹುಟ್ಟಿಕೊಂಡಿದೆ. ಕುಣಿಗಲ್ ಮೂಲಕ ಹಾಸನಕ್ಕೆ ಹೋಗುವ ರೈಲು 2017ರಲ್ಲಿ ಆರಂಭವಾದ ಮೇಲೆ ಅಲ್ಲಿಗೆ ನಿಲ್ದಾಣವೂ ಬಂತು.

ಇವೆಲ್ಲಕ್ಕಿಂತ ಸೋಜಿಗದ್ದು ಕೆ.ಆರ್.ಪೇಟೆ ತಾಲ್ಲೂಕಿನ ಕಲ್ಲಹಳ್ಳಿ. ಕೃಷ್ಣರಾಜಸಾಗರದ ಹಿನ್ನೀರಿನ ಅಂಚಿನಲ್ಲಿ ಪಾಳುಬಿದ್ದಂತಿದ್ದ ಗುಡಿ. ಒಳಗೆ ಭೂದೇವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ, ಆಳೆತ್ತರವನ್ನು ಎಷ್ಟೋ ಮೀರಿದ ವರಾಹಸ್ವಾಮಿಯ ಶಿಲಾಮೂರ್ತಿ. ಒಂದು ತಲೆಮಾರಿನ ಹಿಂದೆ ಸುತ್ತಲಿನ ಹಳ್ಳಿಯವರನ್ನು ಬಿಟ್ಟರೆ ಹೆಸರು ಕೇಳಿದವರೇ ವಿರಳ. ಭೂಮಿಯ ವ್ಯಾಜ್ಯ ಬಗೆಹರಿಯುತ್ತದೆ, ಮನೆ ಕಟ್ಟುವ ಆಸೆ ಕೈಗೂಡುತ್ತದೆ ಎಂಬ ನಂಬಿಕೆ ಬಾಯಿಂದ ಬಾಯಿಗೆ ಹರಡಿತು. ಈಗ ಮಣ್ಣು ಮತ್ತು ಇಟ್ಟಿಗೆಯನ್ನು ಪೂಜೆ ಮಾಡಿಸಿಕೊಂಡು ಹೋಗಲು ಬೆಂಗಳೂರಿನಿಂದ ಜನ ಸಾಲುಗಟ್ಟಿ ಬರುತ್ತಾರೆ. ನಿವೇಶನದ ಬೆಲೆ ಗಗನಕ್ಕೇರಿದ ಮಹಾನಗರದ ಸಂಕಟಕ್ಕೆ ಕೆ.ಆರ್.ಪೇಟೆಯ ಹಿನ್ನೀರಿನ ದಡದಲ್ಲಿ ಒಬ್ಬ ದೇವರು ಸಿಕ್ಕಿದ! ಜಾಹೀರಾತಿಗೆ ಕೋಟಿ ಸುರಿದರೂ ಸರ್ಕಾರಕ್ಕೆ ಇಂಥದೊಂದನ್ನು ಹುಟ್ಟಿಸಲಾಗುತ್ತಿರಲಿಲ್ಲ. ಅದೇ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಸಂಗಮದಲ್ಲಿ 2013ರಲ್ಲಿ ಮತ್ತು 2022ರಲ್ಲಿ ಕುಂಭಮೇಳ ನಡೆದದ್ದೂ ಭಕ್ತಿಯ ಬಲದಿಂದಲೇ.

ಭಕ್ತರನ್ನು ಸೆಳೆಯುವ ಈ ಶಕ್ತಿ ಶಿಲ್ಪಕ್ಕೆ ಏಕಿಲ್ಲ? ಕೆ.ಆರ್.ಪೇಟೆಗೆ ಕೂಗಳತೆಯಲ್ಲಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ಹದಿಮೂರನೆಯ ಶತಮಾನದ ತ್ರಿಕೂಟ. ಹೊರಗೋಡೆಯ ಆನೆ, ಕುದುರೆ, ಪುರಾಣದ ಸಾಲುಗಳನ್ನು ಸಾವಧಾನವಾಗಿ ನೋಡಿದರೆ ಸೋಮನಾಥಪುರಕ್ಕೆ ಅದು ಸಮಜೋಡಿ ಎಂದು ಯಾರಾದರೂ ಒಪ್ಪುತ್ತಾರೆ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿವೆ. ಹೊಯ್ಸಳರ ಕಟ್ಟಡಗಳಲ್ಲಿ ಇದು ಬಲು ಅಪರೂಪ. ಕಿಕ್ಕೇರಿಯ ಬ್ರಹ್ಮೇಶ್ವರ 1171ರದು. ಕಿಕ್ಕೇರಿ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರೂ ಹೌದು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ, ಎದುರಿಗೆ ಊರಿಗೆ ಹೆಸರು ಕೊಟ್ಟ ಎತ್ತರದ ಕಂಬ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಈ ಗುಡಿಗಳ ಹೆಸರು ಅದರಲ್ಲಿ ಬರಲಿಲ್ಲ. ನೋಡಬಂದವನಿಗೆ ವಿವರಿಸಿ ಹೇಳುವ ಒಬ್ಬ ತರಬೇತಾದ ಸ್ಥಳೀಯ ಯುವಕ, ಶುಚಿಯಾದ ಶೌಚಾಲಯ, ಮಧ್ಯಾಹ್ನಕ್ಕೆ ಮುದ್ದೆ-ಸಾರಿನ ಊಟ ಇಷ್ಟಿದ್ದರೆ ಅರ್ಧ ಗಂಟೆ ಅರ್ಧ ದಿನವಾಗುತ್ತದೆ. ಹೊಸಹೊಳಲು, ಗೋವಿಂದನಹಳ್ಳಿ, ಕಂಬದಹಳ್ಳಿ, ಮೇಲುಕೋಟೆ ಸೇರಿಸಿ ಒಂದು ಸುತ್ತು ಮಾಡಿದರೆ ಒಂದು ಹಗಲು ಸಾಲುವುದಿಲ್ಲ. ರಾತ್ರಿ ತಂಗುವ ಮಾತು ಆಗ ತಾನಾಗಿ ಬರುತ್ತದೆ.

ದುಡ್ಡು ಹರಿಯುವ ದಿಕ್ಕು ಬೇರೆ. ಬೃಂದಾವನವನ್ನು ವಿಶ್ವದರ್ಜೆಗೆ ಏರಿಸಲು 2024ರಲ್ಲಿ ರಾಜ್ಯ ಸಚಿವ ಸಂಪುಟ ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮೀರಿದ, ಖಾಸಗಿ ಸಹಭಾಗಿತ್ವದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗಂಗಾ ಆರತಿಯ ಮಾದರಿಯ ಕಾವೇರಿ ಆರತಿಯ ಪ್ರಸ್ತಾಪವೂ ಬಂತು. ರೈತ ಸಂಘಟನೆಗಳು ಎರಡನ್ನೂ ವಿರೋಧಿಸಿದವು. ಅವರ ವಾದವನ್ನು ಹಟವೆಂದು ತಳ್ಳಿಹಾಕುವುದು ಸರಿಯಲ್ಲ. 1911ರಲ್ಲಿ ಆರಂಭವಾಗಿ ಎರಡು ದಶಕ ನಡೆದ ಅಣೆಕಟ್ಟಿನ ಕೆಲಸ ಜಿಲ್ಲೆಯ ಭತ್ತ, ಕಬ್ಬು, ಆಲೆಮನೆ, ಸಕ್ಕರೆ ಕಾರ್ಖಾನೆಗಳಿಗೆ ಜೀವ ಕೊಟ್ಟಿತು. ಉದ್ಯಾನ ಬೆಳೆದದ್ದು ಅದರ ಮಡಿಲಲ್ಲಿ, ಅಲಂಕಾರವಾಗಿ. ಕಟ್ಟೆಯ ಭದ್ರತೆಯ ಆತಂಕದಿಂದಲೇ ಉಚ್ಚ ನ್ಯಾಯಾಲಯ 2024ರ ಜನವರಿಯಲ್ಲಿ ಸುತ್ತಲ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಿತು. ಪಾಂಡವಪುರದ ಬೇಬಿಬೆಟ್ಟದ ಕ್ವಾರಿಗಳ ಸಿಡಿತಕ್ಕೆ ಹೆದರಿದವರು, ಅದೇ ಕಟ್ಟೆಯ ಬುಡದಲ್ಲಿ ಜನಸಾಗರ ಕೂಡಿಸುವ ಯೋಜನೆ ಬಂದಾಗ ಪ್ರಶ್ನೆ ಕೇಳದಿರುತ್ತಾರೆಯೇ?

ಆರ್ಥಿಕ ದೃಷ್ಟಿಯಿಂದಲೂ ಇದು ಯೋಚಿಸಬೇಕಾದ ವಿಚಾರ. ನಾಲ್ಕು ತಾಲ್ಲೂಕುಗಳಲ್ಲಿ ಈಗಾಗಲೇ ಹೆಚ್ಚು ಜನ ಸೇರುವ, ಮೈಸೂರಿಗೆ ತೀರಾ ಹತ್ತಿರದ ಜಾಗಕ್ಕೇ ಇನ್ನಷ್ಟು ಜನರನ್ನು ತಂದರೆ ಅವರು ರಾತ್ರಿ ಎಲ್ಲಿಗೆ ಹೋಗುತ್ತಾರೆಂಬುದು ಗೊತ್ತಿರುವ ಸಂಗತಿ. ಖಾಸಗಿ ಪಾಲುದಾರರ ಲಾಭ ಹೋಗುವ ಊರು ಇನ್ನೂ ದೂರದ್ದು. ಕಟ್ಟೆ ಕಟ್ಟುವಾಗ ಮುಳುಗಿದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಖೋಡೆ ಪ್ರತಿಷ್ಠಾನದವರು ಕಲ್ಲು ಕಲ್ಲಾಗಿ ಬಿಚ್ಚಿ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ಹಿನ್ನೀರಿನ ದಡದ ಆ ಗುಡಿಗೆ ಇಂದು ಬರುವ ಜನರನ್ನು ಕಂಡರೆ, ಪ್ರವಾಸಿಯನ್ನು ಸೆಳೆಯಲು ಯಂತ್ರದ ಆಟಿಕೆಯೇ ಬೇಕೆಂದಿಲ್ಲ ಎನ್ನಿಸುತ್ತದೆ.

ಅತಿಥಿಗಳನ್ನೇ ನೆಚ್ಚಿಕೊಳ್ಳುವುದರ ಅಪಾಯವನ್ನೂ ಮರೆಯಬಾರದು. 2019ರಲ್ಲಿ ಸುಮಾರು 4 ಕೋಟಿ ವಿದೇಶೀಯರನ್ನು ಬರಮಾಡಿಕೊಂಡ ಥಾಯ್ಲೆಂಡಿಗೆ ಸೋಂಕಿನ ವರ್ಷವಾದ 2020ರಲ್ಲಿ ಬಂದವರು 70 ಲಕ್ಷವೂ ಇಲ್ಲ. ನಮ್ಮಲ್ಲಿ ಅಷ್ಟು ದೊಡ್ಡ ವಿಪತ್ತೇ ಬೇಕಾಗಿಲ್ಲ. 2016ರಲ್ಲಿ, 2023ರಲ್ಲಿ ಕಾವೇರಿ ನೀರಿನ ವಿವಾದ ಭುಗಿಲೆದ್ದಾಗ ಹೆದ್ದಾರಿಯೇ ಬಂದ್. ಮಳೆ ಚೆನ್ನಾಗಿ ಆಗಿ ಕಟ್ಟೆಯ ಬಾಗಿಲು ತೆರೆದರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ. 2022ರಲ್ಲಿ ಬೃಂದಾವನಕ್ಕೆ ಚಿರತೆ ಬಂದು ಉದ್ಯಾನವನ್ನೇ ವಾರಗಟ್ಟಲೆ ಮುಚ್ಚಬೇಕಾಯಿತು. ಇಲ್ಲಿನ ರೈತ ಹೊಲ ಮಾರಿ ರೆಸಾರ್ಟಿನ ಕಾವಲುಗಾರನಾದರೆ ಇಂಥ ದಿನಗಳಲ್ಲಿ ಅವನಿಗೆ ಗತಿಯಿಲ್ಲ. ಹೊಲ ಇಟ್ಟುಕೊಂಡು, ಆಲೆಮನೆಯಲ್ಲಿ ಬಿಸಿ ಬೆಲ್ಲ ಕೊಟ್ಟು, ಮೇಲಿನ ಒಂದು ಕೋಣೆಯನ್ನು ಅತಿಥಿಗೆ ಬಿಟ್ಟವನಿಗೆ ಅತಿಥಿ ಬಾರದಿದ್ದರೂ ಕಬ್ಬು ಇರುತ್ತದೆ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟಿನ ಖಾದಿ, ನೈಸರ್ಗಿಕ ಬಣ್ಣದ ಕೆಲಸವನ್ನು ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಅಲ್ಲಿ ಮಗ್ಗ ಆಡುವುದು ಪ್ರವಾಸಿಗಾಗಿ ಅಲ್ಲ.

ರಂಗನತಿಟ್ಟನ್ನೇ ನೋಡಿ. ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಆದ ನಡುಗಡ್ಡೆಗಳು. ಸಲೀಂ ಅಲಿಯವರ ಮಾತಿಗೆ ಓಗೊಟ್ಟು ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಹಕ್ಕಿಧಾಮವಾಗಿಸಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಒಂದು ಚದರ ಕಿಲೋಮೀಟರೂ ಇಲ್ಲದ ಈ ಜಾಗದಲ್ಲಿ ದೋಣಿ ಇಂತಿಷ್ಟೇ ದೂರ ಹೋಗುತ್ತದೆ, ಮರಿ ಮಾಡುವ ಮರಗಳ ಹತ್ತಿರ ಯಾರನ್ನೂ ಇಳಿಸುವುದಿಲ್ಲ. ಹುಟ್ಟು ಹಾಕುವವರು ಸುತ್ತಲಿನ ಊರಿನವರೇ; ಮೊಸಳೆ ಮಲಗುವ ಬಂಡೆ ಯಾವುದು, ಹೆಜ್ಜಾರ್ಲೆ ಬರುವ ತಿಂಗಳು ಯಾವುದು ಎಲ್ಲ ಬಲ್ಲವರು. ಹಕ್ಕಿಗಳು ಚೆನ್ನಾಗಿ ಕಾಣುವುದು ಬೆಳಗಿನ ಜಾವದ ನಂತರದ ಒಂದೆರಡು ಗಂಟೆ. ಅಷ್ಟು ಹೊತ್ತಿಗೆ ದೋಣಿಯ ಬಳಿ ಇರಬೇಕಾದವನು ಹಿಂದಿನ ರಾತ್ರಿ ಎಲ್ಲೋ ಹತ್ತಿರದಲ್ಲಿ ಮಲಗಿರಬೇಕು. ಪಾಲಹಳ್ಳಿಯಲ್ಲೋ, ಕೋಟೆಯೊಳಗಿನ ಹಳೆಯ ಜಗಲಿಮನೆಯಲ್ಲೋ. ಹೊಸ ಇಟ್ಟಿಗೆ ಇಡದೆ, ಇರುವ ಮನೆಯ ಒಂದು ಕೋಣೆಯನ್ನೇ ರಿಪೇರಿ ಮಾಡಿ ಅತಿಥಿಗೆ ಕೊಡುತ್ತೇನೆಂದು ಆ ಮನೆಯವರು ಅರ್ಜಿ ಹಾಕಿದರೆ ಅದಕ್ಕೆ ಒಪ್ಪಿಗೆ ಸಿಗಲು ಎಷ್ಟು ಕಚೇರಿ, ಎಷ್ಟು ತಿಂಗಳು ಬೇಕು ಎಂಬುದನ್ನು ಜಿಲ್ಲಾಡಳಿತ ಮೊದಲು ಲೆಕ್ಕ ಹಾಕಲಿ.